ಫೆಬ್ರವರಿ 13ಕ್ಕೊಂದು ಕಾಗದ

ಕಳೆದ ತಿಂಗಳು ಮಗಳಿಗೆ ಸ್ವೆಟರ್ ಕೊಳ್ಳಲೆಂದು ತಡವಳದಿಂದ ಸೊಲ್ಲಾಪುರಕ್ಕೆ ಹೋಗಿದ್ದೆ. ಉಣ್ಣೆಬಟ್ಟೆಯ ಅಂಗಡಿಯಲ್ಲಿ ಕುಳಿತಿದ್ದ ಟಿಬೆಟಿ ಹೆಣ್ಣುಮಗಳೊಡನೆ ರೂಢಿಯಂತೆ ಹಿಂದಿಯಲ್ಲಿ ಬೆಲೆ ಕೇಳಿದೆ. ಮಗಳೊಡನೆ ಮಾತ್ರ ಕನ್ನಡದಲ್ಲಿ, ಬಣ್ಣ ಒಪ್ಪಿತೇ ಎಂದು ವಿಚಾರಿಸಿದೆ. ಆಕೆ ತಟ್ಟನೆ, “ಒಂದ್ ಸೈಜು ದೊಡ್ಡದು ತೊಗೊಳ್ರೀ ಸರ, ಮುಂದಿನ ವರ್ಷಕ್ಕೂ ಬರ್ತೈತಿ” ಎಂದಳು. ನ್ಯಾಯಾಲಯದಲ್ಲಿ ದಿನವಿಡೀ ಮರಾಠಿಯಲ್ಲಿ ವಾದಿಸುವ ನನಗೆ ಆ ಒಂದು ವಾಕ್ಯದಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಚೌಕಾಸಿ ಮಾಡುವುದನ್ನೇ ಮರೆತೆ.

ಆಕೆಯ ಊರು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ. 1966ರಲ್ಲಿ ಅಲ್ಲಿ ಆರಂಭವಾದ ಟಿಬೆಟಿ ನೆಲೆಯಲ್ಲಿಯೇ ಹುಟ್ಟಿ ಬೆಳೆದವಳು. ಬೈಲಕುಪ್ಪೆಯ ನೆಲೆ ಅದಕ್ಕೂ ಹಳೆಯದು. 1959ರಲ್ಲಿ ದಲಾಯಿ ಲಾಮಾ ಲಾಸಾದಿಂದ ಹೊರಟು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಸಹಸ್ರಾರು ಜನರಿಗೆ ಅಂದಿನ ಮೈಸೂರು ರಾಜ್ಯ ಕಾಡಿನಂಚಿನ ನೆಲವನ್ನು ಕೊಟ್ಟಿತು. ಅವರು ಅದನ್ನು ಹಸನು ಮಾಡಿ ಗೋವಿನಜೋಳ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಹೊತ್ತು ತಂದರು.

ನನ್ನ ಮಗಳು ಆರನೆಯ ಇಯತ್ತೆಯವಳು. “ನಿಮ್ಮ ಆಗಸ್ಟ್ 15 ಯಾವಾಗ?” ಎಂದು ಕೇಳಿಯೇಬಿಟ್ಟಳು. ನಾನು ಮುಜುಗರಪಟ್ಟೆ. ಆಕೆ ನಕ್ಕು, “ಫೆಬ್ರವರಿ ಹದಿಮೂರು. ಅಷ್ಟರಾಗ ನಾವು ಅಂಗಡಿ ಕಟ್ಟಿಕೊಂಡು ಊರಿಗೆ ಹೋಗಿರ್ತೀವಿ, ಲೋಸಾರ್ ಹಬ್ಬ ಇರ್ತೈತಲ್ಲ” ಎಂದಳು.

ಆ ದಿನದ ಕಥೆ ನಮ್ಮ ದೇಶವನ್ನೂ ತಾಗಿದೆ. ಚೀನೀ ಸೈನ್ಯ ಲಾಸಾ ಹೊಕ್ಕಾಗ, 1910ರಲ್ಲಿ, ಹದಿಮೂರನೆಯ ದಲಾಯಿ ಲಾಮಾ ಭಾರತಕ್ಕೆ ಬಂದು ಆಶ್ರಯ ಪಡೆದಿದ್ದರು. ಚೀನಾದ ಅರಸೊತ್ತಿಗೆ ಉರುಳಿ, ಆ ಸೈನ್ಯ ಹೊರಬಿದ್ದ ಬಳಿಕ ಮರಳಿ ಹೋಗಿ, 1913ರ ಫೆಬ್ರವರಿ 13ರಂದು ತಮ್ಮ ನಾಡು ಸ್ವತಂತ್ರವೆಂದು ಸಾರಿದರು. ಇಂದಿನ ದಲಾಯಿ ಲಾಮಾ ಬೇಡುತ್ತಿರುವುದು ಸ್ವಾತಂತ್ರ್ಯವನ್ನಲ್ಲ, ನಿಜವಾದ ಸ್ವಾಯತ್ತತೆಯನ್ನು. ಆದರೂ ಅನೇಕ ಟಿಬೆಟಿಗಳು, ವಿಶೇಷವಾಗಿ ತರುಣರು, ಆ ದಿನವನ್ನು ಆಚರಿಸುತ್ತಾರೆ.

ಮಗಳು ಈ ಸಂಗತಿಯನ್ನು ಶಾಲೆಗೆ ಒಯ್ದಳು. ಮಕ್ಕಳು ಆ ದಿನಕ್ಕೆ ಶುಭಾಶಯದ ಕಾಗದ ಬರೆಯಲಿ ಎಂದು ಗುರುಗಳು ಹೇಳಿದರು. ಪಾಲಕರ ಸಭೆಯಲ್ಲಿ ಎರಡು ಆಕ್ಷೇಪಗಳೆದ್ದವು. ವಕೀಲನೆಂಬ ಕಾರಣಕ್ಕೆ ಎರಡೂ ನನ್ನ ಕೊರಳಿಗೇ ಬಿದ್ದವು.

ಮೊದಲನೆಯದು, ಇದು ಕಾನೂನಿಗೆ ವಿರುದ್ಧವಲ್ಲವೇ ಎಂಬುದು. ಟಿಬೆಟ್ ಚೀನಾದ ಭಾಗವೆಂದು ಭಾರತ ಸರಕಾರ 2003ರಲ್ಲಿ ಒಪ್ಪಿಕೊಂಡಿರುವುದು ನಿಜ. ಅದು ಸರಕಾರದ ವಿದೇಶಾಂಗ ನಿಲುವು. ಒಂದು ಜನಸಮುದಾಯದ ದಿನಕ್ಕೆ ಮಕ್ಕಳು ಶುಭ ಕೋರಬಾರದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಅವರ ಬಾವುಟವನ್ನು ಶಾಲೆಯಲ್ಲಿ ಏರಿಸೋಣವೆಂಬ ಉತ್ಸಾಹಿಗಳಿಗೆ ಮಾತ್ರ ಬೇಡವೆಂದೆ: ತ್ರಿವರ್ಣದ ಪಕ್ಕದಲ್ಲಿ ಬೇರೆ ಬಾವುಟವನ್ನು ಹಾಗೆ ನಿಲ್ಲಿಸಲು ಧ್ವಜಸಂಹಿತೆ ಬಿಡುವುದಿಲ್ಲ. ಕಾಗದಕ್ಕೆ ಆ ಕಟ್ಟಳೆಯಿಲ್ಲ.

ಎರಡನೆಯದು ಹಿರಿಯರೊಬ್ಬರ ಮಾತು. “ವಕೀಲ ಸಾಹೇಬ್ರ, ಅಕ್ಕಲಕೋಟಿ ಕರ್ನಾಟಕಕ್ಕ ಸೇರಬೇಕಂತ ಮಹಾಜನ ಆಯೋಗ 1967ರಾಗ ಹೇಳಿತ್ತು. ನಮ್ಮದೇ ಇನ್ನೂ ಮುಗಿದಿಲ್ಲ. ಮಂದಿ ದಿನ ನಮಗ್ಯಾಕ್ರೀ?” ಈ ನೋವು ನನ್ನದೂ ಹೌದು, ಇದೇ ಅಂಕಣದಲ್ಲಿ ಎಷ್ಟೋ ಸಲ ತೋಡಿಕೊಂಡಿದ್ದೇನೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಾವು ಊರು ಬಿಡಲಿಲ್ಲ, ಗಡಿಯೇ ನಮ್ಮ ಹೊಲದಾಚೆ ಬಿತ್ತು. ನಮಗೆ ಮತವುಂಟು, ಸಂವಿಧಾನದ 30ನೆಯ ವಿಧಿಯ ಬಲವುಂಟು, ವಿಜಯಪುರಕ್ಕೆ ಹೋಗಲು ಬಸ್ಸುಂಟು. ಅವರು ಕಾನೂನಿನ ಕಣ್ಣಿನಲ್ಲಿ ಬಹುಪಾಲು ವಿದೇಶೀಯರು. ಕಾಲಕಾಲಕ್ಕೆ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳಬೇಕು. ಸಂವಿಧಾನದ 14 ಮತ್ತು 21ನೆಯ ವಿಧಿಗಳು ‘ವ್ಯಕ್ತಿ’ ಎನ್ನುವುದರಿಂದ ಅವರನ್ನೂ ಕಾಯುತ್ತವೆ. 19ನೆಯದು ‘ನಾಗರಿಕ’ ಎನ್ನುತ್ತದೆ, ಅಲ್ಲಿ ಅವರು ಹೊರಗುಳಿಯುತ್ತಾರೆ.

ಇದರಲ್ಲೊಂದು ವಿಚಿತ್ರವುಂಟು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತದ ನಾಗರಿಕರು. ಟಿಬೆಟಿಗಳಿಗೂ ಇದು ಅನ್ವಯಿಸುತ್ತದೆಯೆಂದು ದೆಹಲಿ ಹೈಕೋರ್ಟು 2010ರಲ್ಲಿ, ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪಿತ್ತವು. ಆದರೆ ಆ ದಿನದ ನಂತರ ಹುಟ್ಟಿದ ಮಗುವಿಗೆ ತಂದೆ ಅಥವಾ ತಾಯಿ ನಾಗರಿಕರಾಗಿದ್ದರೆ ಮಾತ್ರ ಆ ಹಕ್ಕು. 2004ರಿಂದೀಚೆಗೆ ನಿಯಮ ಇನ್ನೂ ಬಿಗಿ. ಒಂದೇ ಮನೆಯಲ್ಲಿ ಅಕ್ಕ ನಾಗರಿಕಳಾಗಿ, ತಮ್ಮ ವಿದೇಶೀಯನಾಗಿ ಉಳಿಯಬಹುದು. ನಾಗರಿಕತ್ವದ ಹಕ್ಕಿದ್ದರೂ ಅರ್ಜಿ ಹಾಕದವರಿದ್ದಾರೆ. ಪಡೆದುಕೊಂಡರೆ ಹಳೆಯ ನಾಡಿನ ಹಂಬಲವನ್ನೇ ಬಿಟ್ಟಂತಾದೀತೆಂಬ ಅಳುಕು ಅವರದು. ಅಂಥವರ ಪಾಲಿಗೆ ಫೆಬ್ರವರಿ 13 ಎಷ್ಟು ದೊಡ್ಡ ದಿನವೆಂದು ಸಭೆಗೆ ಹೇಳಿದೆ. ಹಿರಿಯರು ಒಪ್ಪಿದರೆಂದು ಹೇಳಲಾರೆ. ಮೊಮ್ಮಗನಿಗೆ ಕಾಗದ ಬರೆಯಲು ಬಿಟ್ಟರು.

ಅಂಗಡಿ ಕಟ್ಟುವ ಮುನ್ನ ಆಕೆಯಿಂದ ಅಂಚೆ ವಿಳಾಸ ಬರೆಸಿಕೊಂಡು ಬಂದೆ. ಮಕ್ಕಳು ಕನ್ನಡದಲ್ಲಿಯೇ ಬರೆದಿದ್ದಾರೆ, ಓದುವವರು ಅಲ್ಲಿದ್ದಾರೆ. ಒಬ್ಬನು ನಮ್ಮೂರ ಶೇಂಗಾ ಹೋಳಿಗೆಯ ವಿಚಾರವನ್ನೇ ಎರಡು ಪುಟ ಬರೆದಿದ್ದಾನೆ. ತಿದ್ದಬೇಡಿರೆಂದು ಗುರುಗಳಿಗೆ ಹೇಳಿದ್ದೇನೆ. ಮುಂದಿನ ವಾರ ತಲುಪಬೇಕಾದರೆ ನಾಳೆಯೇ ಅಂಚೆಗೆ ಹಾಕಬೇಕು.

ನಿನ್ನೆ ರಾತ್ರಿ ಮಗಳು ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಳು. ‘ಕ್ಯಾಂಪ್ ನಂಬರ್’ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ಕೇಳಿದಳು: “ಅಪ್ಪಾ, 1966ರಿಂದ ಅಲ್ಲೇ ಇದ್ದಾರಲ್ಲ, ಇನ್ನೂ ಕ್ಯಾಂಪ್ ಅಂತ ಯಾಕೆ ಬರೀಬೇಕು?”

ಅಂಚೆಯವರಿಗೆ ಗುರುತು ಸಿಗಲಿ ಎಂದೆ. ಅವಳು ಬರೆದಳು.