ಕರೆ ಬಂದಾಗ ಹೋದವನ ಕೆಲಸ ಯಾರ ಪಾಲು?

ಸೈನ್ಯಕ್ಕೆ ಸೇರುವುದೆಂದರೆ ಊರಿನ ಕೆಲಸಕ್ಕೆ ಶರಣು ಹೊಡೆದು ಹೋಗುವುದೆಂದೇ ಸಾಮಾನ್ಯ ತಿಳುವಳಿಕೆ. ಊರಿನ ಕೆಲಸ ಉಳಿಸಿಕೊಂಡೇ ಸಿಪಾಯಿಯಾಗುವ ಇನ್ನೊಂದು ದಾರಿಯೂ ಇದೆ. ಅದೇ ಟೆರಿಟೋರಿಯಲ್ ಆರ್ಮಿ, ಅರ್ಥಾತ್ ಪ್ರಾದೇಶಿಕ ಸೇನೆ. ಅತ್ತಿವೇರಿ, ಮುಂಡಗೋಡ ಕಡೆಯ ಹುಡುಗರಿಗೆ ಇದು ದೂರದ ಮಾತಲ್ಲ; ಬೆಳಗಾವಿಯಲ್ಲೇ ಇದರ 115ನೇ ಮಹಾರ್ ದಳವಿದೆ.

ಇದಕ್ಕೆ ಸೇರಬೇಕಾದರೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಇರಬೇಕು. ಸೇರಿದ ಮೇಲೆ ಸರ್ಕಾರ ಕರೆದರೆ ‘ಒಲ್ಲೆ’ ಎನ್ನುವಂತಿಲ್ಲ. 1965 ಮತ್ತು 1971ರ ಯುದ್ಧಗಳಲ್ಲಿ ಇವರನ್ನು ಕರೆಸಲಾಗಿತ್ತು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದಾಗ 32 ಪದಾತಿ ದಳಗಳ ಪೈಕಿ 14ನ್ನು ಸೇವೆಗೆ ಇಳಿಸಲು ಕೇಂದ್ರ ಅಪ್ಪಣೆ ಕೊಟ್ಟಿತು. ಅದರ ಅವಧಿ 2028ರ ಫೆಬ್ರವರಿ 9ರವರೆಗೆ.

ಅಷ್ಟು ಕಾಲ ಹೋದವನ ಕೆಲಸದ ಗತಿ ಏನು? ‘ಹೋಗಿ ಬಾರಪ್ಪಾ, ಬಂದಮ್ಯಾಲ ನೋಡೂಣು’ ಅಂತ ಮಾಲೀಕ ಕೈತೊಳೆದುಕೊಂಡರೆ?

1948ರ ಪ್ರಾದೇಶಿಕ ಸೇನಾ ಕಾಯ್ದೆಯ 7-ಎ ಕಲಮು ಹಾಗೆ ಬಿಡುವುದಿಲ್ಲ. ಮಾಲೀಕ ರಜೆ ಕೊಡಬೇಕು. ಸೇವೆ ಮುಗಿಸಿ ಬಂದವನನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಮತ್ತೆ ತೆಗೆದುಕೊಳ್ಳಬೇಕು. ಕರೆಯ ಆದೇಶ ಹೊರಟ ಮೇಲೆ ಕೆಲಸದಿಂದ ತೆಗೆದರೆ, ಅದು ಹೊಣೆ ತಪ್ಪಿಸಿಕೊಳ್ಳಲೆಂದೇ ಮಾಡಿದ್ದೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸಬೇಕಾದವನು ಮಾಲೀಕ. ನಿಜವಾದ ಅಡಚಣೆ ಇದ್ದವರು ನಿಗದಿತ ಅಧಿಕಾರಿಯ ಮುಂದೆ ವಿನಾಯಿತಿ ಕೇಳಬಹುದು.

ಆದರೆ ಕಾಯ್ದೆಯ ಹಲ್ಲು ಸಣ್ಣದು. ಅಧಿಕಾರಿಯ ಆದೇಶ ಮೀರಿದ ಮಾಲೀಕನಿಗೆ ದಂಡ ಹೆಚ್ಚೆಂದರೆ 1,000 ರೂಪಾಯಿ. ಜೊತೆಗೆ ಆರು ತಿಂಗಳ ಸಂಬಳ. 1,000 ರೂಪಾಯಿಗೆ ಇಂದು ಯಾವ ಧಣಿ ಹೆದರುತ್ತಾನೆ? ಅದಕ್ಕೂ ಮಿಗಿಲಾದ ತೊಡಕು ಬೇರೆ. ನೇಮಕದ ಆದೇಶವಿಲ್ಲದೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ, ಬಾಯಿಮಾತಿನ ಮೇಲೆ ದುಡಿಯುವವನು ತಾನು ನೌಕರನೆಂದು ತೋರಿಸುವುದಾದರೂ ಹೇಗೆ?

ದಂಡದ ಮೊತ್ತವನ್ನು ಕಾಲಕ್ಕೆ ತಕ್ಕಂತೆ ಏರಿಸುವುದು ಸಂಸತ್ತಿನ ಕೆಲಸ. ಜಿಲ್ಲೆಯ ಸಂಸದರು ಅಲ್ಲಿ ದನಿಯೆತ್ತಲಿ. ಈ ಕಲಮು ಏನೆನ್ನುತ್ತದೆಂದು ಕನ್ನಡದಲ್ಲಿ ಅಚ್ಚುಹಾಕಿಸಿ ಪಂಚಾಯತಿ ಕಟ್ಟೆಗೆ ಅಂಟಿಸುವುದು ಕಾರ್ಮಿಕ ಇಲಾಖೆಗೆ ಭಾರವಾಗದು. ಸೇರಬಯಸುವ ಹುಡುಗರೂ ಸಂಬಳದ ಚೀಟಿ, ಕರೆ ಆದೇಶದ ನಕಲು ಜೋಪಾನ ಮಾಡಿಟ್ಟುಕೊಳ್ಳಲಿ.

ಉದ್ಯೋಗ ಇದ್ದವನೇ ಬೇಕೆಂದು ಕರೆಸಿಕೊಳ್ಳುವ ಸರ್ಕಾರ, ಅವನು ತಿರುಗಿ ಬರುವಾಗ ಆ ಉದ್ಯೋಗ ಅಲ್ಲೇ ಇರುವಂತೆಯೂ ನೋಡಿಕೊಳ್ಳಬೇಕು.