ಸೊಂಟ ನೆಟ್ಟಗಾಗಲು ಎರಡು ನಿಮಿಷ

ಕಾನಹೊಸಹಳ್ಳಿ ಸುತ್ತಿನ ಹೊಲಗಳಿಗೆ ಶೇಂಗಾ ಕಳೆ ತೆಗೆಯಲು ನಾನೂ ಕೂಲಿಗೆ ಹೋಗುವವಳು. ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಬಳ್ಳಿ ಸರಿಸಿ, ಬಲಗೈಯಲ್ಲಿ ಕುರ್ಚಿಗಿ ಆಡಿಸುತ್ತ ಸಾಲು ಮುಗಿಸುವ ಹೊತ್ತಿಗೆ ಮೊಣಕಾಲು ಮರಗಟ್ಟಿ ಸೊಂಟ ಹಿಡಿದಿರುತ್ತದೆ. ಬಿಡುವೇ ಇಲ್ಲವೆಂದಲ್ಲ. ಚಹಾ ಬರುತ್ತದೆ, ಎಲೆ-ಅಡಿಕೆಯೂ ಆಗುತ್ತದೆ. ಆದರೆ ಅದನ್ನೂ ಕೂತಲ್ಲೇ ಮುಗಿಸುತ್ತೇವೆ! ಬಗ್ಗಿದ ಬೆನ್ನು ಬಗ್ಗಿದ ಹಾಗೇ ಉಳಿಯುತ್ತದೆ.

ಒಂದೇ ಭಂಗಿಯಲ್ಲಿ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯದು. ಅದಕ್ಕೆ ಬೇಕಿರುವುದು ಮಾಡುತ್ತಿದ್ದ ಕೆಲಸಕ್ಕೆ ಉಲ್ಟಾ ಚಲನೆ. ಕೂತವರು ಎದ್ದು ಬದುವಿನ ತನಕ ನಡೆಯಲಿ, ಸೊಂಟಕ್ಕೆ ಕೈಕೊಟ್ಟು ನಿಧಾನ ಹಿಂದಕ್ಕೆ ಬಾಗಲಿ, ಬೆರಳು ಬಿಚ್ಚಿ ಮಡಚಲಿ. ಅರ್ಧ ತಾಸಿಗೊಮ್ಮೆ ಎರಡು ನಿಮಿಷ ಸಾಕು. (ಕಾಲಿನ ಜೋಮು ಬಿಡದೇ ಇದ್ದರೆ ಡಾಕ್ಟರಿಗೆ ತೋರಿಸಬೇಕು, ಅದು ಬೇರೆ ಮಾತು.)

ಬಿಡುವಿನ ಮಾತು ಕಾನೂನಿಗೂ ಹೊಸದಲ್ಲ. ಕೆಲಸ ಐದು ತಾಸು ದಾಟುವ ಮೊದಲು ಅರ್ಧ ತಾಸು ಬಿಡುವು ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಹೊಲಕ್ಕೆ ಆ ಗಂಟೆ ಬಾರಿಸಲಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೆಲಸದ ಜಾಗದಲ್ಲಿ ನೀರು, ನೆರಳು ಇರಬೇಕೆಂದಿತು, ಒಳ್ಳೆಯದೇ. ಆದರೆ ಅಳತೆಗೆ ತಕ್ಕ ಕೂಲಿ ಎಂದಾಗ ಎದ್ದು ನಿಲ್ಲಲೂ ಅಂಜಿಕೆ. ಗುತ್ತಿಗೆ ಕಳೆಯಲ್ಲಂತೂ ಪಕ್ಕದ ಸಾಲಿನಾಕೆ ಮುಂದೆ ಹೋದಾಳೆಂಬ ಚಿಂತೆ.

ಒಬ್ಬಳೇ ಎದ್ದರೆ ಮೈಗಳ್ಳಿ ಅನ್ನುತ್ತಾರೆ. ಎಲ್ಲರೂ ಎದ್ದರೆ ಯಾರು ಅನ್ನಬೇಕು? ಅದಕ್ಕೇ ಗುಂಪಿನ ಹಿರಿಯಾಕೆ, ಖಾತ್ರಿ ಕೆಲಸದಲ್ಲಾದರೆ ಗುಂಪಿನ ಉಸ್ತುವಾರಿ ನೋಡುವ ಕಾಯಕ ಬಂಧು, “ಏಳ್ರವ್ವಾ” ಎಂದು ಕೂಗಲಿ. ಹೊಲದವರೂ ಆ ಎರಡು ನಿಮಿಷಕ್ಕೆ ಕೂಲಿ ಮುರಿಯಬಾರದು.