ದಿನಕ್ಕೊಂದು ಅಧ್ಯಾಯ ಮತ್ತು ನಮ್ಮ ಲ್ಯಾಬ್ ರೀಡಿಂಗ್

ಒಂದೇ ಲ್ಯಾಬ್ ಬ್ಯಾಚ್‌ನ ನಾವು ಮೂರು ಜನ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದ್ಮೇಲೆ ಬೈಬಲ್ ಓದ್ತೀವಿ. ಈ ಸೆಮಿಸ್ಟರ್ ಜ್ಞಾನೋಕ್ತಿಗಳು ಪುಸ್ತಕ. ಅದರಲ್ಲಿ 31 ಅಧ್ಯಾಯಗಳಿವೆ, ತಾರೀಖು ನೋಡಿ ಅವತ್ತಿನದನ್ನು ಓದಿದರಾಯ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡ ಬೈಬಲ್ ನಿಧಾನ. ಅದೇ ಒಳ್ಳೆಯದಾಯ್ತು, ಸುಮ್ಮನೆ ಕಣ್ಣಾಡಿಸಿ ಮುಗಿಸೋಕೆ ಆಗಲ್ಲ.

ಕಳೆದ ತಿಂಗಳು 11ನೇ ತಾರೀಖು ಲ್ಯಾಬ್‌ನಲ್ಲಿ ಗ್ರಾಫ್ ಸರಿಯಾಗಿ ಬರಲಿಲ್ಲ. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆದುಬಿಟ್ವಿ. ರಾತ್ರಿ 11ನೇ ಅಧ್ಯಾಯ ತೆಗೆದರೆ ಮೊದಲನೇ ವಾಕ್ಯವೇ ಮೋಸದ ತಕ್ಕಡಿಯ ಬಗ್ಗೆ! ತೂಕದಲ್ಲಿ ಸುಳ್ಳು, ರೀಡಿಂಗ್‌ನಲ್ಲಿ ಸುಳ್ಳು, ಎರಡೂ ಒಂದೇ ಅಲ್ವಾ? ಅವತ್ತು ಯಾರೂ ಜಾಸ್ತಿ ಮಾತಾಡಲಿಲ್ಲ.

ಮರುದಿನ ಮೇಡಂ ಹತ್ರ ಹೋಗಿ ಹೇಳಿದ್ವಿ. ಆ ವಾರದ ಮಾರ್ಕ್ಸ್ ಕಟ್ ಆಯ್ತು, ಪ್ರಯೋಗ ಮತ್ತೆ ಮಾಡಿಸಿದರು. ನೋಡಿದರೆ ಒಂದು ವೈರ್ ಲೂಸ್ ಇತ್ತು, ಅಷ್ಟೇ. ಕಾಪಿ ಹೊಡೆದಿದ್ದರಿಂದ ಅದನ್ನು ಹುಡುಕೋ ಅವಕಾಶವನ್ನೇ ಕಳ್ಕೊಂಡಿದ್ವಿ.

ಬೈಬಲ್ ಓದೋರೆಲ್ಲ ಪ್ರಾಮಾಣಿಕರು ಅಂತ ನಾವು ಹೇಳ್ತಿಲ್ಲ. ಕಾಪಿ ಹೊಡೆದ ದಿನವೂ ನಾವು ಓದೋರೇ ಆಗಿದ್ವಿ. ಆಪ್‌ನಲ್ಲಿ ಸ್ಟ್ರೀಕ್ ಮುರಿಯಬಾರದು ಅಂತ ಮಾತ್ರ ಓದಿದರೆ ಅದು ದೇವರ ಕ್ಲಾಸಿಗೆ ಪ್ರಾಕ್ಸಿ ಹಾಕಿದ ಹಾಗೆ. ಲೂಕನ ಸುವಾರ್ತೆಯ ಜಕ್ಕಾಯ ಸುಂಕದವನು. ಯೇಸು ಅವನ ಮನೆಗೆ ಬಂದಾಗ ಅವನು ಬರೀ ಸಂತೋಷಪಟ್ಟು ಸುಮ್ಮನಾಗಲಿಲ್ಲ, ಮೋಸದಿಂದ ತಗೊಂಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ನಂಬಿಕೆಗೆ ಅಷ್ಟು ಖರ್ಚಿದೆ.

ನೀವು ಓದೋದು ಯಾವ ಗ್ರಂಥವಾದರೂ ಸರಿ, ದಿನಕ್ಕೆ ಹತ್ತು ನಿಮಿಷ ಅದು ನಿಮ್ಮನ್ನು ಪ್ರಶ್ನೆ ಕೇಳಲಿ. ಮುಂದಿನ ವಾರ ಮತ್ತೆ ಲ್ಯಾಬ್ ಇದೆ. ಗ್ರಾಫ್ ಸೊಟ್ಟಗೆ ಬಂದರೆ ಸೊಟ್ಟಗೇ ಬರೀತೀವಿ.